ಎಳೆ ಎಣಿಸಿ ಬರೆದ ಚಿತ್ರ

ಇಳಕಲ್ ಸೀರೆಯ ಮೇಲೆ ಗೋಪುರವೊಂದನ್ನು ಕಸೂತಿಯಲ್ಲಿ ಮೂಡಿಸಲು ಕುಳಿತ ಹೆಣ್ಣುಮಗಳು ಮೊದಲು ಪೆನ್ಸಿಲ್ ಹುಡುಕುವುದಿಲ್ಲ. ಬಟ್ಟೆಯ ಮೇಲೆ ಅಚ್ಚು ಒತ್ತಿಕೊಳ್ಳುವುದಿಲ್ಲ, ಕಾಗದವಿಟ್ಟು ಗೆರೆ ಇಳಿಸಿಕೊಳ್ಳುವುದಿಲ್ಲ. ಸೂಜಿಗೆ ದಾರ ಪೋಣಿಸಿ, ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ಎಳೆ ಎಣಿಸತೊಡಗುತ್ತಾಳೆ. ಉದ್ದಕ್ಕೆ ಇಷ್ಟು ಎಳೆ, ಅಡ್ಡಕ್ಕೆ ಇಷ್ಟು ಎಳೆ. ಇಲ್ಲಿ ಸೂಜಿ ಒಳಗೆ, ಅಲ್ಲಿ ಹೊರಗೆ. ಎಣಿಕೆ ಸರಿಯಾಗಿದ್ದರೆ ಗೋಪುರ ತಾನಾಗಿ ಏಳುತ್ತದೆ. ಒಂದು ಎಳೆ ತಪ್ಪಿದರೆ ಕಳಸ ವಾಲುತ್ತದೆ. ಆಗ ತಪ್ಪು ಎಲ್ಲಾಯಿತೆಂದು ಹುಡುಕಿ ಅಲ್ಲಿಯವರೆಗೂ ಬಿಚ್ಚಬೇಕು.

ಕಂಪ್ಯೂಟರಿನ ತೆರೆಯ ಮೇಲಿನ ಚಿತ್ರದ ಕಥೆಯೂ ಹೆಚ್ಚುಕಡಿಮೆ ಇದೇ. ಅಲ್ಲಿ ಎಳೆಗಳ ಬದಲು ಅಡ್ಡ ಸಾಲು, ಉದ್ದ ಸಾಲುಗಳಲ್ಲಿ ಜೋಡಿಸಿದ ಚೌಕಗಳು. ಇಂಗ್ಲಿಷಿನಲ್ಲಿ ಅವನ್ನು ಪಿಕ್ಸೆಲ್ ಎನ್ನುತ್ತಾರೆ. ಕನ್ನಡದಲ್ಲಿ ಚಿತ್ರಬಿಂದು ಎನ್ನಬಹುದು. ಒಂದೊಂದು ಬಿಂದುವಿಗೂ ಒಂದು ಅಂಕಿ, ಅಥವಾ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಅಂಕಿ. ಚಿತ್ರವನ್ನು ‘ಓದುವುದು’ ಎಂದರೆ ಈ ಅಂಕಿಗಳನ್ನು ಎತ್ತಿಕೊಳ್ಳುವುದು, ‘ಬರೆಯುವುದು’ ಎಂದರೆ ಬೇಕಾದ ಜಾಗದಲ್ಲಿ ಬೇಕಾದ ಅಂಕಿ ಇಡುವುದು. ಕಸೂತಿಯೇ ಗಣಕಯಂತ್ರದ ಅಜ್ಜಿ ಎಂದು ಬೀಗುವ ಕಾರಣವೇನೂ ಇಲ್ಲ, ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಎರಡೂ ಎದುರಿಸಿವೆ: ಕಣ್ಣಿಗೆ ಅಖಂಡವಾಗಿ ಕಾಣುವ ರೂಪವನ್ನು ಎಣಿಸಬಹುದಾದ ತುಂಡುಗಳಾಗಿ ಒಡೆಯುವುದು ಹೇಗೆ, ಒಡೆದಾಗ ಉಳಿಯುವುದೇನು, ಕಳೆಯುವುದೇನು?

ಕಸೂತಿ ವಿಜಯಪುರ, ಬಾಗಲಕೋಟೆ, ಧಾರವಾಡ, ಬೆಳಗಾವಿ ಸೀಮೆಯ ಕಲೆ. ಇಳಕಲ್ ಕೂಡ 1997ರವರೆಗೆ ಆಗಿನ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಅತ್ತ ಹೋಯಿತು. ಮದುವೆಯಲ್ಲಿ ಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವುದು ಇಲ್ಲಿ ಹಳೆಯ ಪದ್ಧತಿ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ ಅಂಬಾರಿ, ನಂದಿ, ನವಿಲು, ಗಿಳಿ, ಕಮಲ ಇವೆಲ್ಲ ಅದರ ರೂಪಗಳು. ‘ಕೈ’ ಮತ್ತು ‘ಸೂತ್ರ’ ಸೇರಿ ಕಸೂತಿ ಎಂಬ ಹೆಸರಾಯಿತೆಂದು ಬಿಡಿಸಿ ಹೇಳುವವರುಂಟು.

ಹೊಲಿಗೆ ನಾಲ್ಕು ಬಗೆ. ಗವಂತಿ ಎಂಬುದು ಸರಳ ಗೆರೆಯ ಹೊಲಿಗೆ, ಹೋಗುತ್ತ ಒಮ್ಮೆ ಬರುತ್ತ ಒಮ್ಮೆ ಹಾಕುವಂಥದು. ಮುರಗಿ ಅದೇ ಜಾತಿಯದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಮುರಿದುಕೊಂಡು ಸಾಗುತ್ತದೆ. ನೇಯ್ಗೆ ಎಂಬುದರಲ್ಲಿ ಉದ್ದ ಗಿಡ್ಡ ಹೊಲಿಗೆಗಳು ಪಕ್ಕಪಕ್ಕದಲ್ಲಿ ಬಿದ್ದು ಮಗ್ಗದಲ್ಲೇ ನೇಯ್ದಂತೆ ಕಾಣುತ್ತವೆ. ಮೆಂತೆಯದು ಗುಣಿಸು ಚಿಹ್ನೆಯಂತೆ ಅಡ್ಡ ದಾಟುವ ಹೊಲಿಗೆ, ಮೆಂತೆಕಾಳು ಚೆಲ್ಲಿದಂತೆ ತುಂಬಿಕೊಂಡಿರುತ್ತದೆ. ಗವಂತಿ ಎಂಬ ಹೆಸರು ಗಂಟಿನಿಂದ ಬಂತೆಂದು ಹೇಳುವುದುಂಟು. ತಮಾಷೆಯೆಂದರೆ ಕಸೂತಿಯಲ್ಲಿ ಗಂಟು ಹಾಕುವಂತೆಯೇ ಇಲ್ಲ. ದಾರದ ತುದಿಯನ್ನು ಹೊಲಿಗೆಯ ಕೆಳಗೇ ಸೇರಿಸಿ ಮುಚ್ಚಬೇಕು, ಏಕೆಂದರೆ ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡು ಮುಖಗಳೂ ಒಂದೇ ಸಮ ಕಾಣಬೇಕೆಂಬುದು ನಿಯಮ.

ನಮೂನೆಗಳು ಪುಸ್ತಕದಿಂದ ಬಂದವಲ್ಲ. ಅಜ್ಜಿಯ ಸೀರೆಯನ್ನು ಮುಂದಿಟ್ಟುಕೊಂಡು ಮೊಮ್ಮಗಳು ಅದರ ಎಳೆ ಎಣಿಸುತ್ತಾಳೆ, ಆ ಎಣಿಕೆಯನ್ನು ತನ್ನ ಬಟ್ಟೆಯ ಮೇಲೆ ಹಾಕುತ್ತಾಳೆ. ಒಂದು ಕಡೆ ಓದು, ಇನ್ನೊಂದು ಕಡೆ ಬರಹ. ಗಣಕಯಂತ್ರ ಒಂದು ಚಿತ್ರವನ್ನು ನಕಲು ಮಾಡುವಾಗ ಮಾಡುವುದೂ ಇಷ್ಟನ್ನೇ. ಇಲ್ಲೊಂದು ಸ್ವಾರಸ್ಯವುಂಟು. ಮೊಮ್ಮಗಳ ಬಟ್ಟೆಯ ನೂಲು ದಪ್ಪಗಿದ್ದರೆ ಅದೇ ಎಣಿಕೆಯ ಗೋಪುರ ದೊಡ್ಡದಾಗುತ್ತದೆ, ನಯವಾಗಿದ್ದರೆ ಚಿಕ್ಕದಾಗುತ್ತದೆ. ಹಾಸಿನ ಎಳೆಗಳು ಒತ್ತಾಗಿದ್ದು ಹೊಕ್ಕಿನ ಎಳೆಗಳು ಸಡಿಲವಾಗಿದ್ದರೆ ಗೋಪುರ ಸೊರಗಿ ಉದ್ದವಾಗುತ್ತದೆ. ಅಂದರೆ ನಮೂನೆಗೆ ತನ್ನದೇ ಆದ ಅಳತೆಯಿಲ್ಲ, ಇರುವುದು ಎಣಿಕೆ ಮಾತ್ರ. ಫೋಟೋ ತೆಗೆಯುವ ಹುಡುಗರು ಇಂದು ‘ಇಷ್ಟು ಮೆಗಾಪಿಕ್ಸೆಲ್’ ಎನ್ನುವಾಗಲೂ ಹೇಳುತ್ತಿರುವುದು ಎಣಿಕೆಯನ್ನೇ. ಆ ಚಿತ್ರ ಅಂಚೆಚೀಟಿಯಷ್ಟಾಗುವುದೋ ಗೋಡೆಯಷ್ಟಾಗುವುದೋ ಎಂಬುದು ಅದನ್ನು ಮೂಡಿಸುವ ‘ಬಟ್ಟೆ’ಗೆ ಬಿಟ್ಟದ್ದು.

ಗವಂತಿಯ ಗುಟ್ಟು ಇನ್ನೂ ಒಂದಿದೆ. ಸೂಜಿ ಗೆರೆಯ ಮೇಲೆ ಸಾಗುವಾಗ ಒಂದು ಹೊಲಿಗೆ ಮೇಲುಮುಖಕ್ಕೆ, ಮುಂದಿನದು ಕೆಳಮುಖಕ್ಕೆ ಬೀಳುತ್ತದೆ. ನಡುವೆ ಖಾಲಿ ಉಳಿದ ಜಾಗಗಳು ಅದೇ ದಾರಿಯಲ್ಲಿ ಮರಳಿ ಬರುವಾಗ ತುಂಬಿಕೊಳ್ಳುತ್ತವೆ. ನೇರ ಗೆರೆಗೆ ಇದು ಸುಲಭ. ಆದರೆ ಗೋಪುರವೆಂದರೆ ಕವಲುಗಳ ಸಂತೆ. ದಾರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಗೆರೆ ಒಡೆಯುತ್ತದೆ. ಪ್ರತಿ ಕವಲಿಗೂ ಹೊಕ್ಕು ಬರುವ ಸೂಜಿಯ ಮೇಲೆ-ಕೆಳಗೆ ಸರದಿ ಕೆಡುವುದಿಲ್ಲವೆ?

ಕೆಡುವುದಿಲ್ಲ. ಕಾರಣ ಸರಳ ಗಣಿತ. ಕವಲಿನೊಳಗೆ ಹೊಕ್ಕ ಸೂಜಿ ಅಲ್ಲಿನ ಪ್ರತಿ ಗೆರೆಯ ಮೇಲೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಡೆಯುತ್ತದೆ. ಕವಲಿನಲ್ಲಿ 5 ಗೆರೆಗಳಿದ್ದರೆ 10 ಹೊಲಿಗೆ, 7 ಇದ್ದರೆ 14. ಒಟ್ಟು ಯಾವಾಗಲೂ ಸಮಸಂಖ್ಯೆ. ಸಮಸಂಖ್ಯೆಯ ಹೊಲಿಗೆಗಳ ನಂತರ ಸೂಜಿ ಕವಲಿನ ಬಾಯಿಗೆ ಬಂದಾಗ ಸರದಿ ಎಲ್ಲಿ ನಿಂತಿತ್ತೋ ಅಲ್ಲೇ ಇರುತ್ತದೆ, ಕವಲೇ ಇರಲಿಲ್ಲವೆಂಬಂತೆ. ಹೊಕ್ಕ ಕವಲನ್ನು ಪೂರ್ತಿ ಮುಗಿಸಿಕೊಂಡೇ ಹೊರಬರಬೇಕು, ಚಿತ್ರದ ಭಾಗಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಇಷ್ಟಾದರೆ ಎಂಥ ಜಟಿಲ ರೂಪವನ್ನಾದರೂ ಎರಡೂ ಮುಖ ಒಂದೇ ಬರುವಂತೆ ಹೊಲಿಯಬಹುದು. ರೇಖಾಜಾಲಗಳ ಗಣಿತ ಓದಿದವರು ಇದನ್ನು ನಾಲ್ಕು ಸಾಲಿನಲ್ಲಿ ಸಿದ್ಧಪಡಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಇದನ್ನು ‘ಹೊಕ್ಕ ಓಣಿ ಮುಗಿಸಿಯೇ ಹೊರಬಾ’ ಎಂಬ ಕೈರೂಢಿಯಾಗಿ ಇಟ್ಟುಕೊಂಡಿದ್ದರು.

ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಅರಮನೆಯವರ ಅಂಗಿಯ ಕಾಲರು, ತೋಳಿನ ಅಂಚುಗಳ ಮೇಲೆ ಕಪ್ಪು ರೇಷ್ಮೆಯಲ್ಲಿ ಇದನ್ನು ಹಾಕುತ್ತಿದ್ದರು. ಹ್ಯಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರ ಅವರ ಭಾವಚಿತ್ರಗಳಲ್ಲಿ ಹೊಲಿಗೆಯನ್ನೂ ಬಿಡದೆ ಬರೆದಿದ್ದರಿಂದ ಅದಕ್ಕೆ ಅವನ ಹೆಸರೇ ನಿಂತಿತು. ಹೊಲಿದವಳ ಹೆಸರಲ್ಲ, ನೋಡಿ ಬರೆದವನ ಹೆಸರು!

ಎಣಿಸಿ ಚಿತ್ರ ಬರೆಯುವ ಕೆಲಸವನ್ನು ಯಂತ್ರಕ್ಕೆ ಮೊದಲು ಯಶಸ್ವಿಯಾಗಿ ಒಪ್ಪಿಸಿದ್ದು ನೇಕಾರಿಕೆ. ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರಟ್ಟಿನ ಹಲಗೆಗಳಿಗೆ ತೂತು ಹೊಡೆದಿರುತ್ತಿದ್ದರು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೊಕ್ಕಿನ ಒಂದೊಂದು ಸಾಲಿಗೆ ಒಂದೊಂದು ರಟ್ಟು. 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ರಟ್ಟುಗಳು ಬೇಕಾದವು. ಅದರ ಒಂದು ಪ್ರತಿ ಗಣಕಯಂತ್ರದ ಮೂಲಪುರುಷನೆನಿಸಿದ ಚಾರ್ಲ್ಸ್ ಬ್ಯಾಬೇಜನ ಮನೆಯಲ್ಲಿತ್ತು. ಜಕಾರ್ಡ್ ಪೆಟ್ಟಿಗೆ ಇಂದಿಗೂ ಉತ್ತರ ಕರ್ನಾಟಕದ ನೇಕಾರ ಓಣಿಗಳಲ್ಲಿ ಕಟಕಟ ಸದ್ದು ಮಾಡುತ್ತಿದೆ.

ವಿಜಯಪುರದ ಮಟ್ಟಿಗೆ ಹೇಳುವುದಾದರೆ ಇರುವುದು-ಇಲ್ಲದಿರುವುದು ಎಂಬ ಎರಡೇ ಅಂಕಿಗಳ ಚಿತ್ರಕ್ಕೆ ಕಲ್ಲಿನಲ್ಲೂ ಉದಾಹರಣೆಯುಂಟು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಸಮಾಧಿಯಾದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೆತ್ತಿದ್ದಾರೆ. ಅಕ್ಷರಗಳು ಕಲ್ಲಾಗಿಯೇ ಉಳಿದಿವೆ, ಅವುಗಳ ನಡುವಿನ ಜಾಗವನ್ನಷ್ಟೇ ಕೊರೆದು ತೆಗೆದಿದ್ದಾರೆ. ಒಳಗೆ ನಿಂತವರಿಗೆ ಬೆಳಕಿನ ಎದುರು ಕಪ್ಪು ಬರಹ ಕಾಣುತ್ತದೆ. ಯಾವುದನ್ನು ಬರೆದರು ಎನ್ನುವುದಕ್ಕಿಂತ ಯಾವುದನ್ನು ತೆಗೆದರು ಎಂಬುದೇ ಇಲ್ಲಿ ಬರಹ.

ಅದೇ ಊರಿನ ಕಟ್ಟಡಗಳ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹದೊಡನೆ ಪುಸ್ತಕವಾಗಿ ಹೊರಬಂದವು. ಆ ಕಾಲಕ್ಕೆ ಫೋಟೋ ಪುಸ್ತಕವೆಂದರೆ ಪ್ರತಿ ಪ್ರತಿಗೂ ನಿಜವಾದ ಫೋಟೋಗಳನ್ನೇ ಅಂಟಿಸಬೇಕಿತ್ತು. ಮುದ್ರಣದ ಮಸಿಗೆ ಕಪ್ಪು ಗೊತ್ತು, ಕಾಗದಕ್ಕೆ ಬಿಳಿ ಗೊತ್ತು; ನಡುವಿನ ಬೂದು ಯಾವುದಕ್ಕೂ ಗೊತ್ತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳಕೆಗೆ ಬಂದ ಹಾಫ್‌ಟೋನ್ ಬ್ಲಾಕು ಈ ತೊಡಕನ್ನು ಬಿಡಿಸಿತು. ಚಿತ್ರವನ್ನು ದೊಡ್ಡ ಚಿಕ್ಕ ಚುಕ್ಕೆಗಳಾಗಿ ಒಡೆದರೆ ಕಣ್ಣೇ ಅವನ್ನು ಕಲಸಿ ಬೂದು ಮಾಡಿಕೊಳ್ಳುತ್ತದೆ. ಈ ಪತ್ರಿಕೆಯ ಯಾವುದೇ ಚಿತ್ರದ ಮೇಲೆ ಭೂತಗನ್ನಡಿ ಹಿಡಿದು ನೋಡಿ, ಆ ಚುಕ್ಕೆಗಳು ಸಿಗುತ್ತವೆ.

ಆದರೆ ಚುಕ್ಕೆ ಇನ್ನೂ ಅಂಕಿಯಾಗಿರಲಿಲ್ಲ. ಅದನ್ನು ಅಂಕಿ ಮಾಡಿದವರಲ್ಲಿ ಮೊದಲಿಗ ಅಮೆರಿಕದ ರಸೆಲ್ ಕಿರ್ಶ್. 1957ರಲ್ಲಿ ಆತ ತನ್ನ ಹಸುಗೂಸಿನ ಫೋಟೋ ಒಂದನ್ನು ಉರುಳೆಗೆ ಸುತ್ತಿ, ಬೆಳಕಿನ ಕಣ್ಣಿನಿಂದ ಸಾಲುಸಾಲಾಗಿ ಓದಿಸಿ, 176 ಸಾಲು, ಸಾಲಿಗೆ 176 ಬಿಂದುಗಳಂತೆ ಗಣಕಯಂತ್ರಕ್ಕೆ ಉಣಿಸಿದ. ಒಟ್ಟು 30,976 ಬಿಂದು. ‘ಪಿಕ್ಸೆಲ್’ ಎಂಬ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ, ಅಂತರಿಕ್ಷ ನೌಕೆಗಳ ಚಿತ್ರಗಳ ಕುರಿತ ಬರಹಗಳಲ್ಲಿ.

ಅದೇ 1965ರ ಜುಲೈನಲ್ಲಿ ನಡೆದ ಪ್ರಸಂಗವೊಂದು ಕಸೂತಿ ಬಲ್ಲವರಿಗೆ ಇಷ್ಟವಾದೀತು. ಮ್ಯಾರಿನರ್ 4 ಎಂಬ ನೌಕೆ ಮಂಗಳ ಗ್ರಹದ ಪಕ್ಕದಲ್ಲಿ ಹಾದುಹೋಗುತ್ತ ಚಿತ್ರ ತೆಗೆಯಿತು. ಒಂದೊಂದು ಚಿತ್ರಕ್ಕೆ 200 ಸಾಲು, ಸಾಲಿಗೆ 200 ಬಿಂದು. ಭೂಮಿಗೆ ಬಂದದ್ದು ಚಿತ್ರವಲ್ಲ, ಅಂಕಿಗಳ ಸಾಲು. ಅದೂ ಒಂದು ಚಿತ್ರಕ್ಕೆ ಎಂಟು ಗಂಟೆಗೂ ಮಿಕ್ಕಿದ ನಿಧಾನಗತಿಯಲ್ಲಿ. ಗಣಕಯಂತ್ರ ಅದನ್ನು ಚಿತ್ರವಾಗಿಸುವವರೆಗೆ ಕಾಯಲಾರದ ಕ್ಯಾಲಿಫೋರ್ನಿಯದ ಎಂಜಿನಿಯರುಗಳು ಅಂಕಿಗಳನ್ನು ಕಾಗದದ ಪಟ್ಟಿಗಳಲ್ಲಿ ಮುದ್ರಿಸಿ, ಗೋಡೆಗೆ ಸಾಲಾಗಿ ಹೊಡೆದು, ಬಣ್ಣದ ಕಡ್ಡಿಗಳನ್ನು ತರಿಸಿ, ಯಾವ ಅಂಕಿಗೆ ಯಾವ ಬಣ್ಣವೆಂದು ನಿಶ್ಚಯಿಸಿ, ಕೈಯಿಂದಲೇ ತುಂಬಿಸಿದರು. ಬೇರೊಂದು ಗ್ರಹದ ಹತ್ತಿರದ ನೋಟ ಮನುಷ್ಯನಿಗೆ ಮೊದಲು ಒದಗಿದ್ದು ಹೀಗೆ, ಎಣಿಸಿ ಬಣ್ಣ ಹಚ್ಚಿದ ನಮೂನೆಯಾಗಿ.

ಮ್ಯಾರಿನರ್ ಮಂಗಳವನ್ನು ನೋಡಿದಂತೆ ನಮ್ಮ ಭೂಮಿಯನ್ನೂ ಮೇಲಿನಿಂದ ನೋಡಬಹುದಲ್ಲವೆ? 1988ರ ಮಾರ್ಚ್ 17ರಂದು ಭಾರತದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಬೈಕನೂರಿನಿಂದ ಮೇಲೇರಿತು. ಅದರ ಒಂದು ಕ್ಯಾಮೆರಾದ ಬಿಂದು ನೆಲದ ಮೇಲೆ 72.5 ಮೀಟರ್ ಚೌಕ, ಅಂದರೆ ಸುಮಾರು ಒಂದೂಕಾಲು ಎಕರೆ. ಗೋಲಗುಮ್ಮಟದ ಗುಮ್ಮಟಕ್ಕೆ ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಡ್ಡಗಲ. ದಖ್ಖನಿನ ಆ ಮಹಾಗುಮ್ಮಟ ಆ ಚಿತ್ರದಲ್ಲಿ ಒಂದೇ ಬಿಂದುವಿನೊಳಗೆ ಅಡಗಿ, ಸುತ್ತಲಿನ ಹುಲ್ಲು, ದಾರಿಗಳ ಜೊತೆ ಕಲಸಿಹೋಗುವಷ್ಟು ಪುಟ್ಟದು. ಅದೇ ಉಪಗ್ರಹದ ಇನ್ನೊಂದು ಕ್ಯಾಮೆರಾದ ಬಿಂದು 36.25 ಮೀಟರ್, ನಮ್ಮ ಲೆಕ್ಕದಲ್ಲಿ 13 ಗುಂಟೆ. 1995ರ ಐಆರ್‌ಎಸ್-1ಸಿಯಲ್ಲಿ ಅದು ಐದೂವರೆ ಗುಂಟೆಯ ಹತ್ತಿರಕ್ಕೆ ಇಳಿಯಿತು. ಯುರೋಪಿನವರು 2015ರಲ್ಲಿ ಹಾರಿಸಿದ ಸೆಂಟಿನೆಲ್-2 ಉಪಗ್ರಹದ ಬಿಂದು 10 ಮೀಟರ್ ಚೌಕ, ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 33 ಅಡಿ ಚೌಕ, 101 ಚದರ ಮೀಟರ್. ಹೊರದೇಶದವರು ಎಲ್ಲೋ ಕುಳಿತು ನಿಶ್ಚಯಿಸಿದ ಬಿಂದು ನಮ್ಮ ಪಹಣಿಯ ಗುಂಟೆಗೆ ಸರಿಹೊಂದಿದ್ದು ಕೇವಲ ಕಾಕತಾಳೀಯ, ಆದರೆ ಲೆಕ್ಕ ಹಾಕುವವರಿಗೆ ಅನುಕೂಲ.

ಟಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರಗಳು. ರಾಜ್ಯದಲ್ಲಿ ದ್ರಾಕ್ಷಿ ಬೆಳೆಯುವುದರಲ್ಲಿ ಮುಂಚೂಣಿಯಲ್ಲಿರುವ ವಿಜಯಪುರ ಜಿಲ್ಲೆಯಲ್ಲಿ ಈ ಭಾಗದ ತೋಟಗಳಿಗೆ, ಒಣದ್ರಾಕ್ಷಿಗೆ ಹೆಸರಿದೆ. ನೀರು ಮಾತ್ರ ಇಲ್ಲಿ ಎಂದೂ ಸುಲಭದ ವಸ್ತುವಾಗಿರಲಿಲ್ಲ. 1876–78ರ ಬರ ಈ ಜಿಲ್ಲೆಯನ್ನು ಹಿಂಡಿದ್ದು ಇತಿಹಾಸದಲ್ಲಿ ದಾಖಲಾಗಿದೆ. ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಬಂದದ್ದು ಈ ಕಾಲದಲ್ಲಿ. ಬೆಳೆ ಹಸಿರಾಗಿದೆಯೋ ಒಣಗಿದೆಯೋ, ಕೆರೆಯಲ್ಲಿ ನೀರಿದೆಯೋ ಇಲ್ಲವೋ ಎಂಬುದನ್ನು ಆಕಾಶದ ಬಿಂದುಗಳಿಂದ ಓದುವ ಕೆಲಸಕ್ಕೆ ಇಲ್ಲಿ ಅನ್ನದ ಪ್ರಶ್ನೆಯೇ ಅಂಟಿಕೊಂಡಿದೆ.

ಓದುವುದು ಹೀಗೆ. ಸೊಂಪಾದ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಎಸೆಯುತ್ತದೆ. ಬರಿಯ ಮಣ್ಣು ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ಎಸೆಯುತ್ತದೆ, ನೀರು ಅವಗೆಂಪನ್ನು ಪೂರ್ತಿ ನುಂಗಿ ಕಪ್ಪಾಗುತ್ತದೆ. ಒಂದು ಬಿಂದುವಿನಲ್ಲಿ ಕೆಂಪಿಗೆ 30, ಅವಗೆಂಪಿಗೆ 90 ಎಂಬ ಅಂಕಿ ಬಂದಿದೆಯೆನ್ನಿ. ವ್ಯತ್ಯಾಸ 60ನ್ನು ಮೊತ್ತ 120ರಿಂದ ಭಾಗಿಸಿದರೆ 0.5, ಅಲ್ಲಿ ಹಸಿರಿದೆ. ಇನ್ನೊಂದರಲ್ಲಿ 50 ಮತ್ತು 60 ಇದ್ದರೆ ಬರುವುದು 0.1ಕ್ಕೂ ಕಡಿಮೆ; ಅಲ್ಲಿ ಬೀಳು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆಯ ಕೊರತೆಯ ಜೊತೆಗೆ ಈ ಬಗೆಯ ಉಪಗ್ರಹ ಸೂಚ್ಯಂಕಗಳಿಗೂ ಜಾಗವಿದೆ.

ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಗೊತ್ತಿರುವುದು ಸ್ವಲ್ಪ. ದ್ರಾಕ್ಷಿಗೆ ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಕಡ್ಡಿ ಕತ್ತರಿಸುತ್ತಾರೆ. ಕತ್ತರಿಸಿದ ವಾರದಲ್ಲಿ ಉಪಗ್ರಹ ಹಾದುಹೋದರೆ ಚೆನ್ನಾಗಿರುವ ತೋಟವೂ ಬೀಳುನೆಲದಂತೆ ಓದಿಸಿಕೊಳ್ಳುತ್ತದೆ. ಇದಕ್ಕಿಂತ ಕಷ್ಟದ್ದು ಅಂಚಿನ ಬಿಂದುಗಳದು. 20 ಗುಂಟೆಯ ಚೌಕ ತೋಟದ ಬದಿ ಸುಮಾರು 45 ಮೀಟರ್. 10 ಮೀಟರಿನ ಚೌಕಗಳನ್ನು ಅದರ ಮೇಲೆ ಹಾಸಿದರೆ ಪೂರ್ತಿಯಾಗಿ ತೋಟದೊಳಗೇ ಬೀಳುವುದು ಹೆಚ್ಚೆಂದರೆ 16, ಹಾಸು ಸ್ವಲ್ಪ ಸರಿದರೆ 9ಕ್ಕೂ ಇಳಿದೀತು. ಮಿಕ್ಕ ಬಿಂದುಗಳಲ್ಲಿ ಪಕ್ಕದವರ ಜೋಳ, ಬದುವಿನ ಜಾಲಿ, ಬಂಡಿದಾರಿ ಎಲ್ಲವೂ ಸೇರಿ ಒಂದೇ ಅಂಕಿಯಾಗುತ್ತವೆ. ಸಣ್ಣ ಹಿಡುವಳಿಯವನ ತೋಟದಲ್ಲಿ ಅಂಚೇ ಹೆಚ್ಚು, ಒಳಗು ಕಡಿಮೆ. ಹಾಗಾಗಿ ದೊಡ್ಡ ರೈತನ ಹೊಲ ಆಕಾಶದಿಂದ ಸ್ಪಷ್ಟವಾಗಿ ಕಾಣುತ್ತದೆ, ಸಣ್ಣವನದು ಮಸುಕಾಗುತ್ತದೆ. ಆಯ್ದ ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ತಾಳೆ ನೋಡಬೇಕೆಂದು ಕೈಪಿಡಿ ಹೇಳಿರುವುದು ವ್ಯರ್ಥವಲ್ಲ.

ಈ ಬಿಂದುಗಳನ್ನು ಓದಿ ಬರೆಯುವ ವಿದ್ಯೆ ನಮ್ಮ ಹುಡುಗರಿಗೆ ಕಾಲೇಜಿನಲ್ಲಿ ಸಿಗುತ್ತದೆ. 1990ರ ದಶಕದಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಿಗೆ ಟರ್ಬೊ ಸಿ ನೆನಪಿರಬೇಕು. ಅದರ ಚಿತ್ರ ಸಲಕರಣೆಯಲ್ಲಿ ‘ಗೆಟ್‌ಪಿಕ್ಸೆಲ್’ ಎಂದರೆ ಒಂದು ಬಿಂದುವಿನ ಬಣ್ಣ ಓದು, ‘ಪುಟ್‌ಪಿಕ್ಸೆಲ್’ ಎಂದರೆ ಬಣ್ಣ ಇಡು. ತೆರೆಯಲ್ಲಿ 640 ಕಂಬ, 480 ಸಾಲು, ಒಟ್ಟು 3,07,200 ಬಿಂದು. ಒಂದು ಆಕೃತಿಯೊಳಗೆ ಬಣ್ಣ ತುಂಬುವ ಪಾಠ ಎಲ್ಲರಿಗೂ ಇತ್ತು: ಪಕ್ಕದ ಬಿಂದುವನ್ನು ಓದು, ಗಡಿಯಲ್ಲದಿದ್ದರೆ ಬಣ್ಣ ಇಡು, ಅಲ್ಲಿಂದ ಮತ್ತೆ ಪಕ್ಕಕ್ಕೆ. ಮಡಿಗೆ ನೀರು ಬಿಟ್ಟಂತೆ ಬಣ್ಣ ಹರಿಯುತ್ತದೆ. ಬದುವಿನಲ್ಲಿ ಒಂದು ಬಿಂದು ಬಿಟ್ಟುಹೋಗಿದ್ದರೆ ಅಲ್ಲಿಂದ ಸೋರಿ ತೆರೆಯೆಲ್ಲ ತುಂಬುತ್ತದೆ.

ಗಣಕದ ನೆನಪಿನಲ್ಲಿ ಚೌಕಜಾಲವೆಂಬುದೇ ಇಲ್ಲ, ಇರುವುದು ಒಂದು ಉದ್ದ ಸಾಲು. ಸೀರೆಯ ಹೊಕ್ಕಿನ ನೂಲನ್ನು ಬಿಚ್ಚಿ ನೇರ ಹಿಡಿದಂತೆ ಚಿತ್ರದ ಸಾಲುಗಳು ಒಂದರ ಹಿಂದೊಂದು ಕೂತಿರುತ್ತವೆ. ಸೊನ್ನೆಯಿಂದ ಎಣಿಸಿದರೆ 10ನೆಯ ಸಾಲಿನ 25ನೆಯ ಬಿಂದು ಬೇಕಾದಾಗ 10ನ್ನು 640ರಿಂದ ಗುಣಿಸಿ 25 ಕೂಡಬೇಕು; 6,425ನೆಯ ಮನೆಯಲ್ಲಿ ಅದು ಸಿಗುತ್ತದೆ. ಸಾಲಿನ ಅಗಲ ತಪ್ಪಿದರೆ ಎಲ್ಲವೂ ತಪ್ಪು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ, ವಿಜಯಪುರವೂ ಸೇರಿ ರಾಜ್ಯದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಓಪನ್‌ಜಿಎಲ್ ಎಂಬ ಸಲಕರಣೆ ಬಳಕೆಗೆ ಬಂತು. ಅದು 1992ರಲ್ಲಿ ಹುಟ್ಟಿದ್ದು. ಅದಕ್ಕೊಂದು ಅಭ್ಯಾಸವುಂಟು: ಬೇರೆ ಹೇಳದಿದ್ದರೆ ಪ್ರತಿ ಸಾಲೂ ನಾಲ್ಕರ ಗುಣಕದ ಬೈಟುಗಳಲ್ಲಿ ಮುಗಿಯುತ್ತದೆಂದು ಭಾವಿಸುತ್ತದೆ. 175 ಬಿಂದು ಅಗಲದ ಚಿತ್ರವಾದರೆ, ಬಿಂದುವಿಗೆ ಮೂರು ಬೈಟಿನಂತೆ ಸಾಲಿಗೆ 525. ಸಲಕರಣೆ ಅದನ್ನು 528 ಎಂದುಕೊಂಡು ಸಾಲಿಗೆ ಮೂರು ಬೈಟು, ಎಂದರೆ ಸರಿಯಾಗಿ ಒಂದು ಬಿಂದು ಹಾರಿಸುತ್ತದೆ. ಚಿತ್ರ ಸಾಲಿಗೊಂದು ಬಿಂದು ಸರಿಯುತ್ತ ಓರೆಯಾಗಿ ಹರಿದುಹೋಗುತ್ತದೆ. ಸಾಲಿಗೊಂದು ಎಳೆ ತಪ್ಪಿದ ಕಸೂತಿಯೂ ಹೀಗೆಯೇ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ. ಸಾಲದೆಂಬಂತೆ ಓಪನ್‌ಜಿಎಲ್ ಸಾಲುಗಳನ್ನು ಕೆಳಗಿನಿಂದ ಎಣಿಸುತ್ತದೆ, ಬಹುಪಾಲು ಚಿತ್ರಕಡತಗಳು ಮೇಲಿನಿಂದ. ಎಚ್ಚರ ತಪ್ಪಿದರೆ ಗೋಲಗುಮ್ಮಟ ಬಟ್ಟಲಾಗಿ ಕೂರುತ್ತದೆ.

ಈಗ ಕಸೂತಿಯನ್ನೇ ಕಂಪ್ಯೂಟರಿಗೆ ಏರಿಸುವ ಕಾಲ. ಹಳೆಯ ಸೀರೆಗಳನ್ನು ಸ್ಕ್ಯಾನ್ ಮಾಡಿಡುತ್ತಾರೆ, ಚೌಕಳಿ ನಕಾಶೆಗಳನ್ನು ಮಾಡುತ್ತಾರೆ, ನಮೂನೆಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಒಳ್ಳೆಯದೇ. ಸೀರೆ ಹರಿಯುತ್ತದೆ, ಬಣ್ಣ ಮಾಸುತ್ತದೆ, ಅಂಕಿ ಹರಿಯುವುದಿಲ್ಲ. ಆದರೂ ಕೆಲವು ಸೂಕ್ಷ್ಮಗಳನ್ನು ಗಮನಿಸದಿದ್ದರೆ ಉಳಿಸಿದೆವೆಂದುಕೊಂಡದ್ದು ಉಳಿದಿರುವುದಿಲ್ಲ. ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಜೆಪೆಗ್ ಪದ್ಧತಿ ಚಿತ್ರವನ್ನು 8 ಸಾಲು 8 ಕಂಬದ ತುಂಡುಗಳಾಗಿ ಮಾಡಿ, ಕಣ್ಣಿಗೆ ಹೊಳೆಯದ ವಿವರವನ್ನು ಅಂದಾಜಿನಲ್ಲಿ ಅದುಮಿಡುತ್ತದೆ. ಮುಖದ ಚಿತ್ರಕ್ಕೆ ತೊಂದರೆಯಿಲ್ಲ. ಎಳೆ ಎಣಿಸಬೇಕಾದ ಚಿತ್ರದಲ್ಲಿ ಹೊಲಿಗೆಯ ಅಂಚೇ ಮಸುಕಾಗುತ್ತದೆ, ಒಬ್ಬರಿಂದೊಬ್ಬರಿಗೆ ಅದುಮಿಸಿಕೊಂಡು ಹೋಗುತ್ತ ಎಣಿಕೆ ಅಳಿಸುತ್ತ ಹೋಗುತ್ತದೆ. ಬಿಂದು ಕಳೆಯದ ಪಿಎನ್‌ಜಿಯಂಥ ಪದ್ಧತಿಯಲ್ಲಿ ಇಡುವುದು ವಿವೇಕ.

ಎರಡನೆಯ ಸೂಕ್ಷ್ಮ ಇನ್ನೂ ಆಳದ್ದು. ಮೆಂತೆ ಹೊಲಿಗೆ ಚೌಕದೊಳಗೆ ಕೂರುತ್ತದೆ. ಒಂದು ಚೌಕಕ್ಕೆ ಒಂದು ಬಿಂದು ಎಂದು ಬರೆದಿಟ್ಟರೆ ಸಾಕು. ಗವಂತಿ ಹಾಗಲ್ಲ, ಅದು ಚೌಕಗಳ ನಡುವಿನ ಗೆರೆಯ ಮೇಲೆ ಮಲಗುತ್ತದೆ. ಬಿಂದುಗಳ ಚಿತ್ರದಲ್ಲಿ ಚೌಕಗಳಿಗೆ ಮನೆಯುಂಟು, ಅವುಗಳ ನಡುವಿನ ಗೆರೆಗಿಲ್ಲ. ಅಡ್ಡಹೊಲಿಗೆಗೆಂದು ಮಾಡಿದ ನಕಾಶೆಗಳಲ್ಲಿ ಗವಂತಿಯ ಗೋಪುರವನ್ನು ತುಂಬಿದರೆ ಅದು ದಪ್ಪ ದಪ್ಪ ಇಟ್ಟಿಗೆಯ ಗೋಪುರವಾಗುವುದು ಅದಕ್ಕೇ. ಚೌಕಗಳ ಪಟ್ಟಿಯ ಬದಲು ‘ಈ ಮೂಲೆಯಿಂದ ಆ ಮೂಲೆಗೆ’ ಎಂದು ಹೊಲಿಗೆಗಳ ಪಟ್ಟಿಯನ್ನೇ, ಹಾಕಿದ ಅನುಕ್ರಮದಲ್ಲೇ ಬರೆದಿಡಬೇಕು. ಗಣಕಕ್ಕೆ ಇದೇನೂ ಕಷ್ಟವಲ್ಲ. ಬರೆದುಕೊಳ್ಳುವವರು ಕೇಳಬೇಕು, ಅಷ್ಟೆ.

ಯಂತ್ರದ ಕಸೂತಿ ಪೇಟೆಗೆ ಬಂದು ಬಹಳ ಕಾಲವಾಯಿತು. ಅದು ಎರಡು ದಾರಗಳ ಹೊಲಿಗೆ. ಮೇಲಿನ ದಾರ ಚಿತ್ರ ಬರೆಯುತ್ತದೆ, ಕೆಳಗಿನ ಬಾಬಿನ್ನಿನ ದಾರ ಅದನ್ನು ಹಿಡಿದುಕೊಳ್ಳುತ್ತದೆ. ಮುಂದಿನಿಂದ ಅಂದವಾಗಿಯೇ ಇರುತ್ತದೆ, ಬೆಲೆಯೂ ಕಡಿಮೆ. ಸೀರೆಯನ್ನು ಮಗುಚಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕೈಕೆಲಸಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆಯಾದರೂ ಕೊಳ್ಳುವವರಲ್ಲಿ ಸೀರೆ ಮಗುಚಿ ನೋಡುವವರು ಎಷ್ಟು ಮಂದಿಯೋ.

ಕೈಯಿಂದ ಹೊಲಿದ ಗವಂತಿಯನ್ನು ಮಗುಚಿದರೆ ಅಲ್ಲೂ ಅದೇ ಗೋಪುರ. ಸೂಜಿ ಮೊದಲು ಎಲ್ಲಿ ಹೊಕ್ಕಿತು, ಯಾವ ಕವಲನ್ನು ಮೊದಲು ಮುಗಿಸಿತು, ಎಲ್ಲಿಂದ ಮರಳಿತು ಎಂಬ ಯಾವ ಗುರುತನ್ನೂ ಅದು ಬಿಟ್ಟುಕೊಡುವುದಿಲ್ಲ. ಒಳ್ಳೆಯ ಕೆಲಸವಾದಷ್ಟೂ ಗುರುತು ಕಡಿಮೆ. ಎಷ್ಟು ಮೆಗಾಪಿಕ್ಸೆಲ್ಲಿನ ಕ್ಯಾಮೆರಾದಿಂದ ಎರಡೂ ಮುಖಗಳನ್ನು ಓದಿದರೂ ಆ ದಾರಿ ಸಿಗದು. ಅದು ಗೊತ್ತಿರುವುದು ಹೊಲಿದವರಿಗೆ, ಮತ್ತು ಹೊಲಿಯುವಾಗ ಪಕ್ಕದಲ್ಲಿ ಕೂತು ಕಲಿತವರಿಗೆ ಮಾತ್ರ.